ಪುದೀನದ ಚಹವೂ ಕುದಾಪುರದ ಕಾವಲೂ

ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ಸೀಮೆಯಲ್ಲಿ ಕುದಾಪುರವೆಂಬ ಗ್ರಾಮವಿದೆ. ಕೆಲವು ವರ್ಷಗಳ ಹಿಂದೆ ಬೇಸಗೆಯ ಒಂದು ಮಧ್ಯಾಹ್ನ, ಆ ಭಾಗದ ಹೊಲವೊಂದರಲ್ಲಿ ವೀರಗಲ್ಲಿದೆಯೆಂಬ ಸುದ್ದಿಯನ್ನು ನಂಬಿ ನಾವು ಅಲ್ಲಿಗೆ ಹೋಗಿದ್ದೆವು. ವೀರಗಲ್ಲೆಂದು ಕೇಳಿದ್ದುದು ಹೋಗಿ ನೋಡುವಲ್ಲಿ ಹಳೆಯ ಎಲ್ಲೆಗಲ್ಲಾಗಿ ಪರಿಣಮಿಸಿತು. ಬಿಸಿಲು ಅತಿಶಯವಾಗಿದ್ದುದರಿಂದ ಸಮೀಪದ ಮನೆಯೊಂದರ ಜಗುಲಿಯ ಮೇಲೆ ಕುಳಿತೆವು. ಮನೆಯ ಯಜಮಾನಿಯಾದ ವೃದ್ಧೆ ನಮ್ಮನ್ನು ಕಂಡು ಒಳಗೆ ಹೋದಳು. ಒಲೆ ಹೊತ್ತಿಸಿದ ಸದ್ದು ಕೇಳಿಸಿತು. ಮೊಮ್ಮಗನೊಬ್ಬನು ಲೋಟವನ್ನು ಹಿಡಿದು ಓಡಿಹೋಗಿ ಬರಿಯ ಲೋಟದೊಡನೆ ಹಿಂದಿರುಗಿದನು. ಆಮೇಲೆ ಆಕೆ ಹೊರಗೆ ಬಂದು ಬಾಗಿಲ ಮರೆಯಲ್ಲಿಯೇ ನಿಂತು, “ಹಾಲು ಸಿಗ್ಲಿಲ್ಲ ಸ್ವಾಮಿ, ಬರೀ ನೀರ್ ಟೀ ನಿಮ್ಮಂಥೋರಿಗೆ ಹೆಂಗ್ ಕೊಡ್ಲಿ” ಎಂದಳು. “ಅದನ್ನೇ ಕೊಡಿರಮ್ಮ, ಚಿಂತೆಯಿಲ್ಲ” ಎಂದರೂ ಒಪ್ಪಲಿಲ್ಲ. ಕಡೆಗೆ ಒಂದು ಅಚ್ಚು ಬೆಲ್ಲವನ್ನೂ ತಂಬಿಗೆಯ ತುಂಬ ನೀರನ್ನೂ ತಂದಿಟ್ಟಳು. ಇಡುವಾಗ ತಲೆಯೆತ್ತಲಿಲ್ಲ.

ಬೆಲ್ಲ ನೀರು ನಮ್ಮ ಬಯಲುಸೀಮೆಯ ಪುರಾತನವಾದ ಆತಿಥ್ಯ. ನಮ್ಮ ಅಜ್ಜಂದಿರ ಕಾಲದಲ್ಲಿ ಅದನ್ನು ಕೊಡುವುದು ಗೌರವವೇ ಹೊರತು ಕೊರತೆಯಲ್ಲ. ಅದು ಇಂದು ನಾಚಿಕೆಯ ವಸ್ತುವಾಗಿ, ನೂರು ವರ್ಷಗಳ ಹಿಂದೆ ಈ ಹಳ್ಳಿಗಳಲ್ಲಿ ಹೆಸರೇ ಅಪರೂಪವಾಗಿದ್ದ ಹಾಲು ಬೆರೆಸಿದ ಚಹವು ಮರ್ಯಾದೆಯ ಅಳತೆಗೋಲಾಗಿರುವುದು ವಿಚಾರಾರ್ಹವಾಗಿದೆ. ಬೆಲ್ಲವನ್ನು ಕಡಿಯುತ್ತ ಕುಳಿತಿದ್ದಾಗ, ಆ ಮನೆಯ ಬಚ್ಚಲ ನೀರು ಹರಿದು ನಿಲ್ಲುವ ಸ್ಥಳದಲ್ಲಿ ಒಂದು ಮೊಳದಷ್ಟು ಅಗಲಕ್ಕೆ ಪುದೀನವು ಹಸಿರಾಗಿ ಹಬ್ಬಿದ್ದುದನ್ನು ನಾವು ಕಂಡೆವು. ಸುತ್ತಲೂ ಕಣ್ಣು ಹರಿಯುವಷ್ಟು ದೂರ ಬೇರೆ ಹಸಿರಿರಲಿಲ್ಲ. ಚಹದ ಪುಡಿ, ಸಕ್ಕರೆ, ಪುದೀನ, ಕಾದ ನೀರು ಎಲ್ಲವೂ ಆ ಮನೆಯಲ್ಲಿದ್ದುವು. ಈ ನಾಲ್ಕರಿಂದಲೇ ಅತಿಥಿಗೆ ಅತ್ಯುನ್ನತವಾದ ಸತ್ಕಾರವನ್ನು ಮಾಡುವ ಒಂದು ದೇಶವುಂಟು. ಅಲ್ಲಿ ಚಹಕ್ಕೆ ಹಾಲು ಹಾಕುವರೆಂದರೆ ನಕ್ಕಾರು. ಆ ದೇಶದ ಪಾನದ ಚರಿತ್ರೆಯನ್ನೂ, ನಮ್ಮ ಚಹಕ್ಕೆ ಹಾಲು ಬಂದ ಬಗೆಯನ್ನೂ ಜೊತೆಯಾಗಿ ನೋಡಬೇಕೆಂಬ ಆಶೆ ಅಂದು ಹುಟ್ಟಿದುದು.

ಚಹವು ಚೀನದ ಬೆಳೆಯೆಂಬುದು ವಾಚಕರಿಗೆ ತಿಳಿದೇ ಇದೆ. ಅರಬರು ಅದರ ಸುದ್ದಿಯನ್ನು ಬಹು ಹಿಂದೆಯೇ ಕೇಳಿದ್ದರು. ಕ್ರಿ. ಶ. ೮೫೧ರಲ್ಲಿ ಅರಬೀ ಭಾಷೆಯಲ್ಲಿ ರಚಿತವಾದ, ಸುಲೈಮಾನನೆಂಬ ವರ್ತಕನ ಹೆಸರಿನೊಡನೆ ಸೇರಿ ಬಂದಿರುವ ಚೀನ ಹಾಗೂ ಹಿಂದೂದೇಶಗಳ ವೃತ್ತಾಂತದಲ್ಲಿ, ಚೀನೀಯರು ಕುದಿಯುವ ನೀರನ್ನು ಒಂದು ಸೊಪ್ಪಿನ ಮೇಲೆ ಸುರಿದು ಕುಡಿಯುವರೆಂದೂ, ಅದು ಸುವಾಸನೆಯುಳ್ಳದ್ದಾದರೂ ಕಹಿಯೆಂದೂ, ಉಪ್ಪಿನಂತೆಯೇ ಅದರ ಆದಾಯವೂ ಅರಸನಿಗೆ ಸಲ್ಲುವುದೆಂದೂ ಹೇಳಿದೆ. ಆದರೆ ಸುದ್ದಿ ಬಂದುದೇ ಹೊರತು ಸೊಪ್ಪು ಬರಲಿಲ್ಲ. ಮುಂದೆ ಅರಬರ ನಾಡಿನಲ್ಲಿ ಮೊದಲು ಮನ್ನಣೆ ಪಡೆದುದು ಕಾಫಿಯೇ. ಅದರ ಬೀಜವನ್ನು ಬಾಬಾಬುಡನ್ ಎಂಬ ಫಕೀರರು ಹದಿನೇಳನೆಯ ಶತಮಾನದಲ್ಲಿ ಯೆಮನಿನಿಂದ ತಂದು ನಮ್ಮ ನೆರೆಯ ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯವು ಪ್ರಸಿದ್ಧವಾಗಿದೆ.

ಈ ಪ್ರಸಂಗದಲ್ಲಿ ಇಬ್ನ್ ಬತೂತನೆಂಬ ಯಾತ್ರಿಕನನ್ನು ಸ್ಮರಿಸದೆ ಮುಂದೆ ಹೋಗಲಾಗದು. ಈತನು ೧೩೦೪ರಲ್ಲಿ ಮೊರಾಕ್ಕೊ ದೇಶದ ತಾಂಜಿಯರ್ ಪಟ್ಟಣದಲ್ಲಿ ಜನಿಸಿದವನು. ಹದಿನಾಲ್ಕನೆಯ ಶತಮಾನದ ನಡುವೆ ನಮ್ಮ ಉತ್ತರ ಕನ್ನಡದ ಹೊನ್ನಾವರಕ್ಕೆ ಬಂದು, ಅಲ್ಲಿಯ ಸುಲ್ತಾನ ಜಮಾಲುದ್ದೀನನ ಆಶ್ರಯದಲ್ಲಿ ಹಲವು ತಿಂಗಳು ಉಂಡವನು. ಆ ಊಟದ ಕ್ರಮವನ್ನು ಆತನು ವಿಸ್ತಾರವಾಗಿ ಬರೆದಿಟ್ಟಿರುವನು. ಅನ್ನ, ತುಪ್ಪ, ಉಪ್ಪಿನಕಾಯಿ, ಬಗೆಬಗೆಯ ಪದಾರ್ಥಗಳು ಒಂದೊಂದಾಗಿ ಬಂದ ಮೇಲೆ ಕಡೆಗೆ ಮೊಸರು ಬರುವುದಂತೆ. ಮೊಸರು ಬಂದಿತೆಂದರೆ ಊಟವು ಮುಗಿಯಿತೆಂದು ತಿಳಿಯತಕ್ಕದ್ದಂತೆ. ಆರುನೂರು ಎಂಬತ್ತು ವರ್ಷಗಳ ಹಿಂದೆಯೂ ಕನ್ನಡ ನಾಡಿನ ಪಂಕ್ತಿಯ ನಿಯಮವು ಇದೇ ಆಗಿದ್ದಿತು! ಇನ್ನೊಂದು ಮಾತನ್ನೂ ಆತನು ಸೇರಿಸಿರುವನು: ಊಟವಾದ ಮೇಲೆ ಅವರು ಬಿಸಿನೀರನ್ನು ಕುಡಿಯುವರು, ಮಳೆಗಾಲದಲ್ಲಿ ತಣ್ಣೀರು ದೇಹಕ್ಕೆ ಒಗ್ಗದೆಂದು. ತಾಂಜಿಯರಿನ ಅತಿಥಿಗೆ ಹೊನ್ನಾವರದಲ್ಲಿ ಬಿಸಿನೀರೇನೋ ದೊರಕಿತು. ಆದರೆ ಅದರಲ್ಲಿ ಹಾಕಬೇಕಾದ ಸೊಪ್ಪು ಅತಿಥಿಯ ಊರಿಗೂ ಬಂದಿರಲಿಲ್ಲ, ಆತಿಥ್ಯ ಮಾಡಿದವನ ಊರಿಗೂ ಬಂದಿರಲಿಲ್ಲ.

ತಾಂಜಿಯರಿಗೆ ಅದು ಬಂದುದು ಬಹು ತಡವಾಗಿ. ಹದಿನೆಂಟನೆಯ ಶತಮಾನದ ಮೊದಲ ಭಾಗದಲ್ಲಿ ಚಹವು ಮೊರಾಕ್ಕೊ ದೊರೆಗಳ ಅರಮನೆಗೆ ಐರೋಪ್ಯರ ಕಾಣಿಕೆಯ ವಸ್ತುವಾಗಿ ಪ್ರವೇಶಿಸಿತು. ಬಹುಕಾಲ ಅದು ಶ್ರೀಮಂತರ ಸೊತ್ತಾಗಿಯೇ ಉಳಿಯಿತು. ಜನಸಾಮಾನ್ಯರ ಮನೆಯನ್ನು ಹೊಕ್ಕುದಕ್ಕೆ ಒಂದು ವಿಚಿತ್ರವಾದ ಕಾರಣವನ್ನು ಚರಿತ್ರಕಾರರು ಹೇಳುವರು. ೧೮೫೩ರಿಂದ ೧೮೫೬ರ ವರೆಗೆ ಕ್ರಿಮಿಯ ಯುದ್ಧವು ನಡೆಯಲು, ಬಾಲ್ಟಿಕ್ ಸಮುದ್ರದ ತೀರಗಳಲ್ಲಿ ಆಂಗ್ಲ ವರ್ತಕರ ಚಹಕ್ಕೆ ಮಾರುಕಟ್ಟೆಯು ಮುಚ್ಚಿಹೋಯಿತು. ಕೈಯಲ್ಲಿದ್ದ ಚೀನದ ಹಸಿರು ಚಹವನ್ನು ಅವರು ತಾಂಜಿಯರ್ ಮತ್ತು ಮೊಗದೋರ್ ರೇವುಗಳಲ್ಲಿ ಇಳಿಸಿ ಮಾರಿದರು. ಎಲ್ಲಿಯೋ ನಡೆದ ಯುದ್ಧದ ಉಳಿಕೆಯು ಇನ್ನೆಲ್ಲಿಯೋ ಒಂದು ಜನಾಂಗದ ಆಚಾರವಾಯಿತು. ಆ ದೇಶದವರು ಮೊದಲಿನಿಂದಲೂ ಪುದೀನವೇ ಮೊದಲಾದ ಸೊಪ್ಪುಗಳ ಕಷಾಯವನ್ನು ಕುಡಿಯುತ್ತಿದ್ದವರಾದುದರಿಂದ, ಹೊಸ ಎಲೆಯು ಹಳೆಯ ಸೊಪ್ಪಿನೊಡನೆ ಸುಲಭವಾಗಿ ಕೂಡಿಕೊಂಡಿತು. ವಿರೋಧವೂ ಇಲ್ಲದಿರಲಿಲ್ಲ. ಪರದೇಶದ ಸಕ್ಕರೆಯೂ ಚಹವೂ ನಾಡಿನ ಹಣವನ್ನು ಹೀರುವುವೆಂದು ಅಲ್ಲಿಯ ಕೆಲವು ಧರ್ಮಗುರುಗಳು ತಮ್ಮ ಶಿಷ್ಯರಿಗೆ ಅವನ್ನು ನಿಷೇಧಿಸಿದರು. ನಮ್ಮಲ್ಲಿಯೂ ಗಾಂಧೀಜಿಯವರು ಚಹವನ್ನು ಬಿಡಬೇಕೆಂದು ಬೋಧಿಸಿದರು. ಎರಡು ಕಡೆಯೂ ಫಲವು ಒಂದೇ ಆಯಿತೆಂಬುದನ್ನು ಹೇಳಬೇಕಾದುದಿಲ್ಲ. ಈಗ ಚೀನದ ಹಸಿರು ಚಹವನ್ನು ಕೊಳ್ಳುವ ದೇಶಗಳಲ್ಲಿ ಮೊರಾಕ್ಕೊ ಅಗ್ರಗಣ್ಯವಾದುದು.

ಆ ಚಹವನ್ನು ಮಾಡುವ ವಿಧಾನವನ್ನು ನಾವು ಕಣ್ಣಾರೆ ಕಂಡುದು ಭಟ್ಕಳದಲ್ಲಿ. ಅರಬ ದೇಶಗಳಲ್ಲಿ ಬಹುಕಾಲ ಉದ್ಯೋಗದಲ್ಲಿದ್ದು ಹಿಂದಿರುಗಿದ ಮಿತ್ರರೊಬ್ಬರು ಅಲ್ಲಿರುವರು. ಕರಾವಳಿಯಲ್ಲಿ ಸುಲೈಮಾನಿಯೆಂದು ಕರೆಯುವ, ನಿಂಬೆಯ ರಸವನ್ನು ಹಿಂಡಿದ ಹಾಲಿಲ್ಲದ ಚಹವನ್ನು ಅವರ ಮನೆಯಲ್ಲಿ ಹಲವು ಸಲ ಕುಡಿದಿದ್ದೆವು. ಕುದಾಪುರದ ಸಂಗತಿಯನ್ನು ಹೇಳಿದಾಗ ಅವರು ನಕ್ಕು, “ಸುಲೈಮಾನಿ ಬೇರೆ, ಇದು ಬೇರೆ, ಕುಳಿತುಕೊಳ್ಳಿ” ಎಂದು ತಮ್ಮ ಬೀರುವಿನಿಂದ ಹಿತ್ತಾಳೆಯ ತಟ್ಟೆಯೊಂದನ್ನೂ, ಉದ್ದವಾದ ಕೊಕ್ಕಿನ ಲೋಹದ ಹೂಜಿಯೊಂದನ್ನೂ, ನಮ್ಮ ಕಾಫಿಯ ಲೋಟಕ್ಕಿಂತ ಚಿಕ್ಕವಾದ ಗಾಜಿನ ಲೋಟಗಳನ್ನೂ ಹೊರಗೆ ತೆಗೆದರು. ಆ ಹೂಜಿಗೆ ಮೊರಾಕ್ಕೊದಲ್ಲಿ ಬರ್ರಾದ್ ಎಂದೂ ತಟ್ಟೆಗೆ ಸಿನಿಯ ಎಂದೂ ಹೆಸರಂತೆ.

ಇದಕ್ಕೆ ಬೇಕಾದ ಚಹದ ಎಲೆಯು ನಮ್ಮ ಪುಡಿಯಂತಲ್ಲ. ಹಸಿರೆಲೆಯನ್ನು ಬಿಗಿಯಾಗಿ ಸುರುಳಿಸುತ್ತಿ ಒಣಗಿಸಿರುವುದರಿಂದ ನೋಡುವುದಕ್ಕೆ ಮೆಣಸಿನ ನುಚ್ಚಿನಂತಿರುವುದು. ಬಂದೂಕಿನ ಮದ್ದಿನ ಕಾಳನ್ನು ಹೋಲುವುದೆಂದು ಆಂಗ್ಲರು ಇದಕ್ಕೆ ಮದ್ದಿನ ಹೆಸರನ್ನೇ ಇಟ್ಟರು. ಚೀನೀಯರು ಮುತ್ತಿನ ಚಹವೆನ್ನುವರು. ಒಂದೇ ವಸ್ತುವಿನಲ್ಲಿ ಒಬ್ಬರಿಗೆ ಮುತ್ತು ಕಂಡಿತು, ಮತ್ತೊಬ್ಬರಿಗೆ ಮದ್ದು ಕಂಡಿತು. ಆರು ಲೋಟಕ್ಕೆ ಸುಮಾರು ಎರಡು ಚಮಚ ಎಲೆ, ಮುಕ್ಕಾಲು ಲೀಟರಿನಷ್ಟು ನೀರು, ಒಂದು ದೊಡ್ಡ ಹಿಡಿ ಪುದೀನ, ನಾಲ್ಕೈದು ದೊಡ್ಡ ಚಮಚ ಸಕ್ಕರೆ.

ಮಿತ್ರರು ಮೊದಲು ಹೂಜಿಯಲ್ಲಿ ಎಲೆಯನ್ನು ಹಾಕಿ, ಕುದಿಯುವ ನೀರನ್ನು ಸ್ವಲ್ಪವೇ ಸುರಿದು, ಒಂದು ನಿಮಿಷ ಬಿಟ್ಟು, ಅಲುಗಿಸದೆ ಬಗ್ಗಿಸಿ ಒಂದು ಲೋಟದಲ್ಲಿ ಬೇರೆಯಾಗಿ ಇಟ್ಟುಕೊಂಡರು. ಇದು ಎಲೆಯ ಸಾರ. ತಿಳಿಯಾಗಿಯೂ ಹೊಂಬಣ್ಣವಾಗಿಯೂ ಇದ್ದಿತು. ಎರಡನೆಯ ಸಲ ನೀರನ್ನು ಹಾಕಿ ಹೂಜಿಯನ್ನು ಚೆನ್ನಾಗಿ ಕುಲುಕಿ ಆ ನೀರನ್ನು ಚೆಲ್ಲಿಬಿಟ್ಟರು. ಅದು ಮಬ್ಬಾಗಿದ್ದಿತು, ಎಲೆಯ ಧೂಳೂ ಅತಿಯಾದ ಕಹಿಯೂ ಅದರೊಡನೆ ಹೋಗುವುವು. ಮೊದಲು ಇಟ್ಟಿದ್ದ ಸಾರವನ್ನು ಮತ್ತೆ ಹೂಜಿಗೆ ಹಾಕಿ, ಉಳಿದ ನೀರನ್ನು ತುಂಬಿ, ಸಣ್ಣ ಉರಿಯ ಮೇಲೆ ಒಂದು ಕುದಿ ಬರಿಸಿದರು. ಆಮೇಲೆ ಉರಿಯಿಂದ ಇಳಿಸಿ, ತೊಳೆದ ಪುದೀನವನ್ನು ದಂಟುಸಹಿತವಾಗಿ ಮಡಿಸಿ ಒಳಗೆ ತುರುಕಿ, ಅದರ ಮೇಲೆ ಸಕ್ಕರೆಯನ್ನು ಸುರಿದರು. ಸೊಪ್ಪು ನೀರಿನ ಮೇಲೆ ತೇಲಿದರೆ ಕಪ್ಪಾಗಿ ಕಹಿಯಾಗುವುದೆಂದೂ, ಆದುದರಿಂದ ಒಳಗೆ ಅದುಮಬೇಕೆಂದೂ ಹೇಳಿದರು. ನಾವು ಮಾಡುವಂತೆ ಸೊಪ್ಪನ್ನು ಬಹಳ ಹೊತ್ತು ಕುದಿಸಿದರೆ ಅದು ಶೀತಕ್ಕೆ ಕೊಡುವ ಕಷಾಯವಾಗುವುದೇ ಹೊರತು ಚಹವಾಗದು.

ಸಕ್ಕರೆಯನ್ನು ಚಮಚದಿಂದ ಕಲಕುವ ಪದ್ಧತಿಯಿಲ್ಲ. ಒಂದು ಲೋಟವನ್ನು ತುಂಬುವುದು, ಅದನ್ನು ಮತ್ತೆ ಹೂಜಿಗೆ ಸುರಿಯುವುದು, ಹೀಗೆ ಮೂರು ನಾಲ್ಕು ಸಲ ಮಾಡಿದರೆ ತಾನಾಗಿಯೇ ಕಲೆಯುವುದು. ಇದನ್ನು ನೋಡುವಾಗ ನಮ್ಮ ಹೋಟೆಲಿನವರು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಮೊಳದುದ್ದ ಎತ್ತಿ ಹುಯ್ಯುವುದು ನೆನಪಾಯಿತು. ಕಡೆಯಲ್ಲಿ ಯಜಮಾನನು ತಾನು ರುಚಿ ನೋಡಿ, ಹೂಜಿಯನ್ನು ಎತ್ತರಕ್ಕೆ ಹಿಡಿದು ಸಣ್ಣ ಧಾರೆಯಾಗಿ ಲೋಟಗಳಿಗೆ ಇಳಿಸುವನು. ಎತ್ತರದಿಂದ ಬಿದ್ದ ಪಾನವು ಸ್ವಲ್ಪ ಆರುವುದಲ್ಲದೆ ಮೇಲೆ ನೊರೆಯನ್ನೂ ಕಟ್ಟುವುದು. ನೊರೆಯಿಲ್ಲದ ಲೋಟವನ್ನು ಅತಿಥಿಗೆ ಕೊಡುವುದು ಗೌರವವಲ್ಲವಂತೆ. ಒಂದೇ ಎಲೆಗೆ ಮತ್ತೆ ನೀರು, ಸೊಪ್ಪು, ಸಕ್ಕರೆಗಳನ್ನು ಹಾಕಿ ಮೂರು ಸಲ ಕೊಡುವುದು ವಾಡಿಕೆ. ಮೂರನೆಯ ಲೋಟಕ್ಕೆ ಮುಂಚೆ ಅತಿಥಿಯು ಏಳುವುದು ಅವಿನಯ. ಇನ್ನೂ ಗಮನಿಸಬೇಕಾದುದೇನೆಂದರೆ, ಅಲ್ಲಿ ಚಹವನ್ನು ಅತಿಥಿಯ ಎದುರಿನಲ್ಲಿಯೇ, ಅನೇಕ ವೇಳೆ ಮನೆಯ ಹಿರಿಯ ಗಂಡಸೇ ಮಾಡುವನು. ನಮ್ಮಲ್ಲಿ ಅದು ಒಳಮನೆಯ ಕೆಲಸ. ಹಾಲಿದೆಯೋ ಇಲ್ಲವೋ ಎಂಬ ಸಂಕಟವೂ ಒಳಮನೆಯದೇ. ಜಗುಲಿಯ ಮೇಲೆ ಕುಳಿತ ಗಂಡಸರಿಗೆ ಓಡಿಹೋದ ಹುಡುಗನ ಲೋಟ ಮಾತ್ರ ಕಾಣುವುದು.

ಎಲ್ಲ ಅರಬರೂ ಹೀಗೆಯೇ ಮಾಡುವರೆಂದು ತಿಳಿಯಬಾರದು. ಈಜಿಪ್ಟಿನಲ್ಲಿ ಕಪ್ಪು ಚಹಕ್ಕೆ ಪುದೀನವನ್ನು ಸೇರಿಸುವರು. ಇರಾಕಿನಲ್ಲಿ ಗಟ್ಟಿಯಾದ ಕಪ್ಪು ಚಹವೇ ಪ್ರಧಾನ. ಏಡನ್ನಿನ ಕಡೆ ಹಾಲಿನ ಚಹವೂ ಉಂಟು. ಹೆಸರಿನಲ್ಲಿಯೂ ಭೇದವಿದೆ. ಈಜಿಪ್ಟಿನವರು ಶಾಯ್ ಎನ್ನುವರು, ಮೊರಾಕ್ಕೊದವರು ಅತಾಯ್ ಎನ್ನುವರು. ಚೀನದ ಹಲವು ಪ್ರಾಂತಗಳಲ್ಲಿ ಈ ಎಲೆಗೆ ಚಾ ಎಂದೂ, ಫುಕಿಯೆನ್ ಕರಾವಳಿಯ ಆಡುನುಡಿಯಲ್ಲಿ ತೆ ಎಂದೂ ಹೆಸರು. ಮೊದಲನೆಯದು ಪಾರಸಿಕರ ಮಾರ್ಗವಾಗಿಯೂ ಪೋರ್ಚುಗೀಸರ ಮೂಲಕವಾಗಿಯೂ ಹರಡಿತು. ಎರಡನೆಯದು ಡಚ್ಚರ ಹಡಗನ್ನೇರಿ ಯೂರೋಪಿಗೆ ಹೋಯಿತು. ನಮ್ಮ ಧಾರವಾಡ ಬೆಳಗಾಂವಿಗಳ ಚಹವು ಮೊದಲನೆಯ ವಂಶದ್ದು; ಚಿತ್ರದುರ್ಗ ತುಮಕೂರುಗಳ ಟೀ ಎರಡನೆಯದು. ಕುದಾಪುರದ ವೃದ್ಧೆ ಟೀ ಎಂದಳಷ್ಟೆ! ಮೊರಾಕ್ಕೊದ ಅತಾಯ್ ಎಂಬುದೂ ಆಕೆಯ ಟೀ ಎಂಬುದೂ ಸೋದರ ಶಬ್ದಗಳೆಂದು ನಮ್ಮ ಭಟ್ಕಳದ ಮಿತ್ರರಿಗೆ ಹೇಳಿದಾಗ ಅವರು ನಂಬಲಿಲ್ಲ.

ಇನ್ನು ಹಾಲಿನ ವಿಚಾರ. ಹಿಂದೂದೇಶದಲ್ಲಿ ಚಹವು ಮೊದಲಿನಿಂದಲೂ ಹಾಲಿನೊಡನೆಯೇ ಬಂದಿತೆಂದು ಭಾವಿಸುವುದು ತಪ್ಪು. ಜರ್ಮನಿಯ ಮಾಂಡೆಲ್ಸ್ಲೊ ಎಂಬ ಪ್ರವಾಸಿಯು ೧೬೩೮ರಲ್ಲಿ ಸೂರತ್ತಿನಲ್ಲಿದ್ದಾಗ, ದಿನನಿತ್ಯದ ಕೂಟಗಳಲ್ಲಿ ಚಹವನ್ನು ಕುಡಿಯುತ್ತಿದ್ದುದನ್ನು ಬರೆದಿರುವನು. ೧೬೮೯ರಲ್ಲಿ ಅದೇ ಸೂರತ್ತಿಗೆ ಹೊರಟ ಓವಿಂಗ್ಟನ್ ಎಂಬ ಆಂಗ್ಲ ಪಾದ್ರಿಯು, ಅಲ್ಲಿಯವರು ಚಹಕ್ಕೆ ಮಸಾಲೆಯನ್ನು ಸೇರಿಸಿ ಕುದಿಸುವುದನ್ನೂ, ಕಲ್ಲುಸಕ್ಕರೆಯನ್ನೋ ನಿಂಬೆಯನ್ನೋ ಸೇರಿಸುವುದನ್ನೂ ಹೇಳುವನು. ಇದು ಭಟ್ಕಳದ ಸುಲೈಮಾನಿಗೆ ಎಷ್ಟು ಹತ್ತಿರವೆಂಬುದನ್ನು ನೋಡಬಹುದು. ಆಗ ಅದು ರೇವುಪಟ್ಟಣದವರ ಪಾನವಾಗಿದ್ದಿತೇ ಹೊರತು ಹಳ್ಳಿಗಳದಾಗಿರಲಿಲ್ಲ. ೧೮೨೩ರಲ್ಲಿ ಅಸ್ಸಾಮಿನ ಕಾಡುಗಳಲ್ಲಿ ಚಹದ ಗಿಡವಿರುವುದು ಆಂಗ್ಲರ ಗಮನಕ್ಕೆ ಬಂದು, ೧೮೩೯ರಲ್ಲಿ ಆ ಎಲೆಯು ಲಂಡನ್ನಿನಲ್ಲಿ ಹರಾಜಾಯಿತು. ಅನಂತರವೂ ಬಹುಕಾಲ ಬೆಳೆದುದು ಇಲ್ಲಿ, ಕುಡಿದುದು ಅಲ್ಲಿ. ಹೊರಗಿನ ಪೇಟೆಯಲ್ಲಿ ಬೆಲೆಯಿಳಿದಾಗ ತೋಟದವರ ಕಣ್ಣು ಇಲ್ಲಿಯ ಜನರ ಮೇಲೆ ಬಿದ್ದಿತು. ೧೯೦೩ರಲ್ಲಿ ಚಹದ ಮೇಲೆ ತೆರಿಗೆಯ ಕಾಯಿದೆಯಾಗಿ, ಆ ಹಣದಿಂದ ಪ್ರಚಾರ ನಡೆಯಿತು. ೧೯೩೭ರಲ್ಲಿ ಇದಕ್ಕಾಗಿಯೇ ಮಾರುಕಟ್ಟೆ ವಿಸ್ತರಣದ ಮಂಡಲಿಯೊಂದಾಯಿತು. ಊರೂರಿಗೆ ಗಾಡಿಗಳು ಹೋಗಿ, ಚಹವನ್ನು ಮಾಡುವ ಬಗೆಯನ್ನು ತೋರಿಸಿ, ಪುಕ್ಕಟೆಯಾಗಿ ಹಂಚಿದುವು. ಹಾಲು ಸಕ್ಕರೆಗಳನ್ನು ಸೇರಿಸುವ ಆಂಗ್ಲರ ಪದ್ಧತಿಯೇ ಆ ಪಾಠ. ನಮ್ಮ ಜನರು ಪಾಠವನ್ನು ಕಲಿತರು. ಆದರೆ ಎಲೆಯನ್ನು ಕಡಮೆ ಮಾಡಿ ಹಾಲನ್ನು ಹೆಚ್ಚಿಸಿದರು. ೧೯೩೦ರ ಸುಮಾರಿಗೆ ಅಸ್ಸಾಮಿನಲ್ಲಿ ಹುಟ್ಟಿದ, ಎಲೆಯನ್ನು ಹರಿದು ಹೊಸೆದು ಕಾಳಾಗಿಸುವ ಯಂತ್ರದಿಂದ ಅಗ್ಗವಾದ ಪುಡಿಯು ಬಂದಿತು. ಅದು ಹಾಲಿಲ್ಲದೆ ಕುಡಿಯುವುದಕ್ಕೆ ಬಹಳ ಒಗರು. ಹೀಗೆ ಪುಡಿಯು ಹಾಲನ್ನು ಬೇಡಿತು, ಹಾಲು ಮರ್ಯಾದೆಯಾಯಿತು.

ಆದರೆ ಈ ಹಾಲು ಎಲ್ಲಿಂದ ಬರಬೇಕು? ಇಲ್ಲಿ ಕುದಾಪುರದ ಎಲ್ಲೆಗಲ್ಲಿನ ಬಳಿಗೆ ಹಿಂದಿರುಗಬೇಕಾಗುವುದು. ಮೈಸೂರಿನ ಚಿಕ್ಕದೇವರಾಜ ಒಡೆಯರ (೧೬೭೩-೧೭೦೪) ಕಾಲದಲ್ಲಿ ಅರಮನೆಯ ದನಗಳಿಗಾಗಿ ಬೆಣ್ಣೆ ಚಾವಡಿಯೆಂಬ ಇಲಾಖೆಯಿದ್ದಿತು. ಅದಕ್ಕೆ ಅಮೃತಮಹಲ್ ಎಂಬ ಹೆಸರನ್ನು ಕೊಟ್ಟವನು ಟಿಪ್ಪು ಸುಲ್ತಾನನು. ಹೆಸರಿನಲ್ಲಿ ಬೆಣ್ಣೆಯೂ ಅಮೃತವೂ ಇದ್ದರೂ ಆ ತಳಿಯ ಕೀರ್ತಿ ಹಾಲಿನಿಂದ ಬಂದುದಲ್ಲ; ಹಸುವು ಕರುವಿಗೆ ಸಾಕಾಗುವಷ್ಟಕ್ಕಿಂತ ಬಹಳ ಹೆಚ್ಚು ಕೊಡುವುದಿಲ್ಲ. ಎತ್ತುಗಳು ಫಿರಂಗಿಗಳನ್ನು ಎಳೆಯುವುದರಲ್ಲಿ ಅಸಮಾನವಾದುವು. ಹೈದರಾಲಿಯು ಎರಡೂವರೆ ದಿನಗಳಲ್ಲಿ ನೂರು ಮೈಲಿ ನಡೆದು ಚಿದಂಬರದ ರಕ್ಷಣೆಗೆ ಹೋದುದು ಇವುಗಳಿಂದಲೇ ಎಂದು ಹೇಳುವರು. ೧೭೯೯ರ ಅನಂತರ ಆಂಗ್ಲರು ಈ ಮಂದೆಯನ್ನು ವಹಿಸಿಕೊಂಡು, ೧೮೬೦ರಲ್ಲಿ ಖರ್ಚಿಗಂಜಿ ಮಾರಿ, ತಪ್ಪನ್ನು ತಿಳಿದು ೧೮೬೬ರಲ್ಲಿ ಮತ್ತೆ ಕಟ್ಟಿದರು. ೧೮೮೨ರಲ್ಲಿ ಅದು ಮೈಸೂರು ಸರ್ಕಾರಕ್ಕೆ ಸೇರಿತು. ಇದರ ಮೇವಿಗೆಂದು ಬಿಟ್ಟ ಹುಲ್ಲುಗಾವಲುಗಳೇ ಅಮೃತಮಹಲ್ ಕಾವಲುಗಳು. ಕುದಾಪುರದ ಕಾವಲು ಅವುಗಳಲ್ಲಿ ಒಂದು.

ರಾಜ್ಯದಲ್ಲಿ ಅತಿ ಕಡಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿ ಚಳ್ಳಕೆರೆಯೂ ಇದೆ. ಅರಮನೆಯ ದನಗಳು ಹೋದ ಮೇಲೂ ಇಲ್ಲಿಯ ಕಾವಲುಗಳು ಸುತ್ತಲಿನ ಹಳ್ಳಿಗಳ ದನ ಕುರಿಗಳಿಗೆ ಆಧಾರವಾಗಿದ್ದುವು. ಮ್ಯಾಸಬೇಡರ ದೇವರ ಎತ್ತುಗಳೂ, ಕಂಬಳಿಗೆ ಉಣ್ಣೆ ಕೊಡುವ ಕುರಿಗಳೂ ಈ ಸೀಮೆಯ ಹುಲ್ಲನ್ನು ನಂಬಿದುವು. ೨೦೦೭ರ ಅನಂತರದ ಕೆಲವು ವರ್ಷಗಳಲ್ಲಿ ತಾಲ್ಲೂಕಿನ ಕಾವಲುಗಳಲ್ಲಿ ಸಾವಿರಾರು ಎಕರೆಯನ್ನು ವಿಜ್ಞಾನ, ಅಣುಶಕ್ತಿ, ರಕ್ಷಣೆ, ಬಾಹ್ಯಾಕಾಶಗಳ ಸಂಸ್ಥೆಗಳಿಗೆ ಸರ್ಕಾರವು ಕೊಟ್ಟಿತು. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಸಂದುದು ೧,೫೦೦ ಎಕರೆ. ಗ್ರಾಮಸ್ಥರು ಆಕ್ಷೇಪಿಸಿದರು, ವಿವಾದವು ಹಸಿರು ನ್ಯಾಯಮಂಡಳಿಯ ವರೆಗೂ ಹೋಯಿತು. ಆ ಸಂಸ್ಥೆಗಳಿಂದ ದೇಶಕ್ಕಾಗುವ ಪ್ರಯೋಜನವನ್ನು ನಾವು ಅಲ್ಲಗಳೆಯುವವರಲ್ಲ. ಆದರೆ ಹುಲ್ಲುಗಾವಲನ್ನು ಬಂಜರೆಂದು ಕರೆಯುವ ಕಚೇರಿಯ ಪದ್ಧತಿಯನ್ನು ಒಪ್ಪಲಾರೆವು. ಮೇಯುವ ನೆಲವು ಕಿರಿದಾದ ಮನೆಗಳಲ್ಲಿ ಹಸುವನ್ನು ಮಾರಿದವರುಂಟು. ಹಸುವನ್ನು ಉಳಿಸಿಕೊಂಡವರು ಹಾಲನ್ನು ಡೈರಿಗೆ ಹಾಕಿ ಕಾಸು ಮಾಡಬೇಕಾಗಿದೆ. ಬೇಸಗೆಯ ಮಧ್ಯಾಹ್ನ ನೆರೆಮನೆಯಲ್ಲಿ ಒಂದು ಲೋಟ ಹಾಲು ಹುಟ್ಟದಿದ್ದುದಕ್ಕೆ ಆ ವೃದ್ಧೆ ತಲೆ ತಗ್ಗಿಸಿದಳು. ಅದರಲ್ಲಿ ಆಕೆಯ ತಪ್ಪೆಷ್ಟು?

ಕಳೆದ ಬೇಸಗೆಯಲ್ಲಿ ಹಸಿರು ಚಹದ ಪೊಟ್ಟಣವೊಂದನ್ನು ತೆಗೆದುಕೊಂಡು ಮತ್ತೆ ಅಲ್ಲಿಗೆ ಹೋದೆವು. ಬಚ್ಚಲ ಬಳಿಯ ಪುದೀನವು ಮೊದಲಿಗಿಂತ ಒಂದು ಗೇಣು ಮುಂದೆ ಸರಿದಿದ್ದಿತು. ನಾವೇ ಒಲೆಯ ಮುಂದೆ ಕುಳಿತು, ಭಟ್ಕಳದಲ್ಲಿ ಕಲಿತಂತೆ ಎಲೆಯನ್ನು ತೊಳೆದು, ಸೊಪ್ಪನ್ನು ಅದುಮಿ, ಹೂಜಿಯಿಲ್ಲದುದರಿಂದ ಚೊಂಬಿನಿಂದಲೇ ಎತ್ತಿ ಹುಯ್ದೆವು. ನೊರೆ ಅಷ್ಟಾಗಿ ಬರಲಿಲ್ಲ. ಅರ್ಧ ಲೋಟದಷ್ಟು ಹೊರಗೆ ಚೆಲ್ಲಿತು. ಗಂಡಸರು ಒಲೆಯ ಮುಂದೆ ಕುಳಿತುದನ್ನು ನೋಡಿ ಹುಡುಗರು ನಕ್ಕರು. ವೃದ್ಧೆ ಒಂದು ಗುಟುಕು ಕುಡಿದು ಸ್ವಲ್ಪ ಹೊತ್ತು ಸುಮ್ಮನಿದ್ದು, “ನೆಗಡಿಗೆ ಒಳ್ಳೇದು ಸ್ವಾಮಿ” ಎಂದಳು. ಆದರೂ ಲೋಟವನ್ನು ಪೂರ್ತಿ ಮುಗಿಸಿದಳು. ಎರಡನೆಯ ಸಲ ಹುಯ್ದಾಗಲೂ ಬೇಡವೆನ್ನಲಿಲ್ಲ. ಹೊರಡುವಾಗ ಬಾಗಿಲ ವರೆಗೆ ಬಂದು, ಮಳೆಗಾಲದಲ್ಲಿ ಬರಬೇಕೆಂದೂ, ಆಗ ಹಸು ಈದಿರುವುದೆಂದೂ, ಹಾಲು ಹಾಕಿದ ಟೀ ಕೊಡುವೆನೆಂದೂ ಹೇಳಿದಳು.